ಇಪ್ಪತ್ತು ಜನರ ಕೋಟೆ: ‘ಐರನ್‌ಕ್ಲಾಡ್’ ಎಡವಿದ್ದೆಲ್ಲಿ?

1215ರ ನವೆಂಬರ್ 25ರಂದು ಇಂಗ್ಲೆಂಡಿನ ದೊರೆ ಜಾನ್ ತನ್ನ ಅಧಿಕಾರಿ ಹ್ಯೂಬರ್ಟ್ ಡಿ ಬರ್ಗ್‌ಗೆ ಒಂದು ಆಜ್ಞೆ ಕಳಿಸಿದ. ತಿನ್ನಲು ಅಷ್ಟೇನೂ ಲಾಯಕ್ಕಿಲ್ಲದ, ಆದರೆ ಚೆನ್ನಾಗಿ ಕೊಬ್ಬಿದ 40 ಹಂದಿಗಳನ್ನು ಹಗಲೂ ರಾತ್ರಿ ನೋಡದೆ ಸಾಗಿಸು, ಗೋಪುರದ ಬುಡಕ್ಕೆ ಬೆಂಕಿ ಹಾಕಬೇಕು ಎಂಬುದು ಅದರ ಸಾರ. ದೊರೆಯ ವಿರುದ್ಧ ದಂಗೆ ಎದ್ದ ಶ್ರೀಮಂತರು ಹಿಡಿದುಕೊಂಡಿದ್ದ ರಾಚೆಸ್ಟರ್ ಕೋಟೆಯ ಆಗ್ನೇಯ ಮೂಲೆಯ ಕೆಳಗೆ ಅವನ ಆಳುಗಳು ಆಗಲೇ ಸುರಂಗ ತೋಡಿ, ತಳಪಾಯಕ್ಕೆ ಮರದ ಊರೆಗಳನ್ನು ಕೊಟ್ಟು ನಿಲ್ಲಿಸಿದ್ದರು. ಹಂದಿಯ ಕೊಬ್ಬು ಸುರಿದು ಹಚ್ಚಿದ ಬೆಂಕಿಯಲ್ಲಿ ಊರೆಗಳು ಸುಟ್ಟವು, ಮೇಲಿನ ಮೂಲೆ ಕುಸಿಯಿತು. ಆ ಮೂಲೆಯನ್ನು ಆಮೇಲೆ ದುಂಡಗೆ ಕಟ್ಟಿದರು. ಇವತ್ತು ಹೋಗಿ ನೋಡಿದರೂ ಮೂರು ಚೌಕ ಬುರುಜು, ಒಂದು ದುಂಡು ಬುರುಜು ಕಾಣುತ್ತದೆ.

ಈ ಮುತ್ತಿಗೆಯನ್ನೇ ಕಥೆ ಮಾಡಿಕೊಂಡ ಸಿನಿಮಾ 2011ರ ‘ಐರನ್‌ಕ್ಲಾಡ್’. ನಿರ್ದೇಶಕ ಜೊನಾಥನ್ ಇಂಗ್ಲಿಷ್. ಖರ್ಚು ಸುಮಾರು 2.5 ಕೋಟಿ ಡಾಲರ್. ನಮಗೆ ಇದು ದೊಡ್ಡ ಮೊತ್ತವಾಗಿ ಕಂಡೀತು. ಆದರೆ ಅದರ ಹಿಂದಿನ ವರ್ಷವಷ್ಟೇ ಇದೇ ಜಾನ್ ದೊರೆಯ ಕಾಲವನ್ನು ಇಟ್ಟುಕೊಂಡು ರಿಡ್ಲಿ ಸ್ಕಾಟ್ ‘ರಾಬಿನ್ ಹುಡ್’ ಮಾಡಿದ್ದರು, ಅದರ ಖರ್ಚು ಇದರ ಆರು ಏಳು ಪಟ್ಟು ಮೇಲೆ. ಕುದುರೆ, ಕವಚ, ಕೋಟೆ, ದಂಡು ಎಲ್ಲವೂ ಬೇಕಾದ ಈ ಜಾತಿಯ ಚಿತ್ರಕ್ಕೆ ಹಾಲಿವುಡ್ ಲೆಕ್ಕದಲ್ಲಿ ಎರಡೂವರೆ ಕೋಟಿ ಡಾಲರ್ ಎಂದರೆ ಹೊಟ್ಟೆಗಿದ್ದರೆ ಬಟ್ಟೆಗಿಲ್ಲ ಎನ್ನುವ ಬಾಬತ್ತು. ಜಗತ್ತಿನಾದ್ಯಂತ ಚಿತ್ರಮಂದಿರಗಳಿಂದ ವಾಪಸು ಬಂದದ್ದು 50 ಲಕ್ಷ ಡಾಲರ್ ಆಸುಪಾಸು.

ದುಡ್ಡಿರಲಿಲ್ಲ, ಅದಕ್ಕೇ ಹೀಗಾಯಿತು ಎಂದು ಮುಗಿಸಿಬಿಡುವುದು ಸುಲಭ. ಆದರೆ ಚಿತ್ರವನ್ನು ಇತಿಹಾಸದ ಪಕ್ಕದಲ್ಲಿಟ್ಟು ನೋಡಿದರೆ ಬೇರೆಯದೇ ಲೆಕ್ಕ ಹೊರಬೀಳುತ್ತದೆ. ರಾಚೆಸ್ಟರಿನಲ್ಲಿ ನಿಜವಾಗಿ ನಡೆದದ್ದರಲ್ಲಿ ಬಹುಪಾಲು ಕಡಿಮೆ ಖರ್ಚಿನಲ್ಲಿ ತೆಗೆಯಬಹುದಾದದ್ದು. ಚಿತ್ರತಂಡ ಅದನ್ನು ಪಕ್ಕಕ್ಕಿಟ್ಟು, ಅದರ ಜಾಗಕ್ಕೆ ತಾನೇ ಹುಟ್ಟಿಸಿದ ಹೆಚ್ಚು ಖರ್ಚಿನ, ಕಡಿಮೆ ಕಸುವಿನ ಸಂಗತಿಗಳನ್ನು ತಂದಿಟ್ಟಿತು.

ಮೊದಲು ಸರಿಯಾಗಿ ಮಾಡಿದ್ದನ್ನು ಹೇಳಿಬಿಡೋಣ. ಮುತ್ತಿಗೆಯನ್ನು ಆರಿಸಿಕೊಂಡದ್ದೇ ಜಾಣತನ. ಬಯಲು ಯುದ್ಧಕ್ಕೆ ಎರಡು ದಂಡು ಬೇಕು, ಮೈಲುಗಟ್ಟಲೆ ಖಾಲಿ ನೆಲ ಬೇಕು, ನೂರಾರು ಕುದುರೆ ಬೇಕು. ಮುತ್ತಿಗೆಗೆ ಒಂದು ಗೋಡೆ, ಅದರ ಮೇಲೆ ಕೆಲವರು, ಕೆಳಗೆ ಕೆಲವರು ಇದ್ದರೆ ಸಾಕು. ಒಂದೇ ಸೆಟ್, ಯೂನಿಟ್ ಊರೂರು ಅಲೆಯುವ ಹಾಗಿಲ್ಲ. ವೇಲ್ಸ್‌ನ ಒಂದು ಸ್ಟುಡಿಯೊದ ಆವರಣದಲ್ಲಿ ಕೋಟೆ ಕಟ್ಟಿ, 2009ರ ಅಕ್ಟೋಬರಿನಲ್ಲಿ ಚಿತ್ರೀಕರಣ ಶುರು ಮಾಡಿದರು. ಅಲ್ಲಿನ ಮಳೆ, ಕೆಸರು, ಮೋಡದ ಬೂದು ಬೆಳಕು ಯಾವ ಕಲಾ ನಿರ್ದೇಶಕನೂ ಕಾಸು ಕೊಟ್ಟು ತರಲಾರದ್ದು. ಪಾಲ್ ಜಿಯಾಮಾಟಿಯ ಜಾನ್ ದೊರೆ ಅಬ್ಬರಿಸುತ್ತಾನೆ, ಕೆಲವೆಡೆ ಅತಿಯಾಗಿಯೂ ಅಬ್ಬರಿಸುತ್ತಾನೆ. ಆದರೆ ಆತ ತೆರೆಯ ಮೇಲಿದ್ದಷ್ಟು ಹೊತ್ತೂ ಕಣ್ಣು ಬೇರೆ ಕಡೆ ಹೋಗುವುದಿಲ್ಲ. ಬ್ರಯಾನ್ ಕಾಕ್ಸ್, ಡೆರೆಕ್ ಜಾಕೋಬಿಯಂಥ ರಂಗಭೂಮಿಯ ಘಟಾನುಘಟಿಗಳೂ ಇದ್ದಾರೆ. ಮಾತಿನ ದೃಶ್ಯಗಳನ್ನು ಹೊತ್ತು ನಡೆಸಬಲ್ಲ ಇಂಥ ನಟರು ಕೈಯಲ್ಲಿದ್ದೂ ಅವರಿಗೆ ಮಾತಿನ ದೃಶ್ಯಗಳನ್ನು ಕೊಡದಿರುವುದು ಮುಂದೆ ಬರುವ ದೂರುಗಳಲ್ಲೆಲ್ಲ ದೊಡ್ಡದು.

ಮೊದಲ ಎಡವಟ್ಟು ಸಂಖ್ಯೆಯದು. ಚಿತ್ರದಲ್ಲಿ ಕೋಟೆ ಕಾಯುವವರು ಇಪ್ಪತ್ತು ಜನ, ಮುತ್ತುವವರು ಸಾವಿರ. ದಾಖಲೆಗಳ ಪ್ರಕಾರ ಒಳಗಿದ್ದ ನೈಟ್‌ಗಳೇ ನೂರರ ಆಸುಪಾಸು, ಜೊತೆಗೆ ಅಡ್ಡಬಿಲ್ಲಿನವರು, ಕಾಲಾಳುಗಳು. ನೂರನ್ನು ಇಪ್ಪತ್ತಕ್ಕಿಳಿಸಿದರೆ ನಟರ ಸಂಬಳ ಉಳಿಯುತ್ತದೆ ಎಂಬುದೇನೋ ನಿಜ. ಆದರೆ ಇಪ್ಪತ್ತು ಜನ ಕಾಯಬಹುದಾದದ್ದು ಮಧ್ಯದ ಗೋಪುರವನ್ನು ಮಾತ್ರ. ಅದು ಅಡಿಪಾಯದಲ್ಲಿ ಸುಮಾರು 70 ಅಡಿ ಚೌಕ, 113 ಅಡಿ ಎತ್ತರ, ಗೋಡೆಯ ದಪ್ಪ 12 ಅಡಿ. ಚಿತ್ರದಲ್ಲಿ ಅದೇ ಇಪ್ಪತ್ತು ಮಂದಿ ಹೊರಗೋಡೆಯ ಮೇಲೆ ನಿಂತು ಹೋರಾಡುತ್ತಾರೆ. ಅಷ್ಟು ಉದ್ದದ ಗೋಡೆಗೆ ಏಣಿ ಹಾಕಲು ಸಾವಿರ ಜನಕ್ಕೆ ನೂರು ಜಾಗ ಸಿಗುತ್ತವೆ. ಅವರೆಲ್ಲ ಕ್ಯಾಮೆರಾ ಇರುವ ಕಡೆಗೇ ಏಕೆ ಏಣಿ ಹಾಕುತ್ತಾರೆ ಎನ್ನುವ ಪ್ರಶ್ನೆ ನೋಡುಗನ ತಲೆಯಲ್ಲಿ ಒಮ್ಮೆ ಬಂದರೆ ಮುಗಿಯಿತು, ಆಮೇಲೆ ಎಷ್ಟು ರಕ್ತ ಚೆಲ್ಲಿದರೂ ಭಯ ಹುಟ್ಟುವುದಿಲ್ಲ.

ಎದುರು ದಂಡಿನ ಕಥೆಯೂ ಅಷ್ಟೇ. ಸಾವಿರ ಎಂದು ಬಾಯಲ್ಲಿ ಹೇಳಿದರೆ ಸಾವಿರವನ್ನು ತೋರಿಸಬೇಕು. ಇದು ಜೇಬಿನ ಭಾರಕ್ಕಿಂತ ಹೆಚ್ಚಾಗಿ ಲೆನ್ಸಿನ ಲೆಕ್ಕ, ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಇವತ್ತಿನ ಸಾಮಾನ್ಯ ಸಿನಿಮಾ ಕ್ಯಾಮೆರಾದ ಸೆನ್ಸರ್ ಅಗಲ ಸುಮಾರು 25 ಮಿಲಿಮೀಟರ್. 25 ಎಂಎಂ ಲೆನ್ಸ್ ಹಾಕಿದರೆ ಎಷ್ಟು ದೂರವೋ ಅಷ್ಟೇ ಅಗಲ ಫ್ರೇಮಿಗೆ ಸಿಗುತ್ತದೆ. 30 ಮೀಟರ್ ದೂರದಲ್ಲಿ ನಿಂತ ಸಾಲನ್ನು ತೆಗೆದರೆ 30 ಮೀಟರ್ ಅಗಲ. ಒಬ್ಬ ಸೈನಿಕನಿಗೆ ಒಂದು ಮೀಟರ್ ಎಂದರೆ ಒಂದು ಸಾಲಿಗೆ 30 ಜನ. ಕ್ಯಾಮೆರಾ ಎದೆಮಟ್ಟದಲ್ಲಿದ್ದರೆ ಮೊದಲ ಸಾಲು ಹಿಂದಿನದ್ದನ್ನೆಲ್ಲ ಮರೆಮಾಡುತ್ತದೆ. ಮೂರು ಸಾಲು, ತೊಂಬತ್ತು ಜನ ಸಾಕು. ಅವರ ಹಿಂದೆ ಬರೀ ಈಟಿ, ಬಾವುಟಗಳನ್ನು ಎತ್ತಿ ಹಿಡಿದರೆ ದಂಡು ದಿಗಂತದವರೆಗೆ ಹಬ್ಬಿದಂತೆ ಕಾಣುತ್ತದೆ. ಅದೇ 30 ಮೀಟರ್ ಅಗಲವನ್ನು 120 ಮೀಟರ್ ದೂರದಿಂದ 100 ಎಂಎಂ ಲೆನ್ಸಿನಲ್ಲಿ ತೆಗೆದರೆ ಇನ್ನೂ ಲಾಭ: ಸಾಲುಗಳ ನಡುವಿನ ಅಂತರ ಕುಗ್ಗಿ, ಮೂರು ಸಾಲು ಒಂದರ ಮೇಲೊಂದು ಒತ್ತಿಕೊಂಡು ಕಿಕ್ಕಿರಿದ ಗುಂಪಾಗುತ್ತದೆ.

ಈಗ 30 ಮೀಟರ್ ದೂರದಲ್ಲಿದ್ದ ಆ ಮೊದಲಿನ ಕ್ಯಾಮೆರಾವನ್ನು ಕ್ರೇನಿನಲ್ಲಿ 6 ಮೀಟರ್ ಮೇಲೆತ್ತಿ. ಮುಂದಿನ ಸಾಲಿನವನ ತಲೆಯ ಮೇಲಿಂದ ಹಾದುಹೋಗುವ ನೋಟ ಸುಮಾರು 12 ಮೀಟರ್ ಹಿಂದಿನ ನೆಲಕ್ಕೆ ತಾಗುತ್ತದೆ. ಅಂದರೆ ಮೂರನೆಯ ಸಾಲಿನ ಹಿಂದೆ ಯಾರೂ ಇಲ್ಲ ಎಂಬುದು ಬಯಲಾಗುತ್ತದೆ. ಆ ಖಾಲಿ ಜಾಗ ತುಂಬಲು ಆರೆಂಟು ಸಾಲು ಬೇಕು, ಇನ್ನೂರು ಚಿಲ್ಲರೆ ಜನ. ಡ್ರೋನ್ ಹಾರಿಸಿ 30 ಮೀಟರ್ ಮೇಲಕ್ಕೆ ಹೋದರಂತೂ ಒಬ್ಬ ಸೈನಿಕ ತನ್ನ ಹಿಂದೆ ಮರೆಮಾಡುವ ನೆಲ ಎರಡು ಮೀಟರಿಗಿಂತ ಕಡಿಮೆ. ಎಲ್ಲರನ್ನೂ ತಲೆ ಎಣಿಸಿ ಹೇಳಬಹುದು. ಡ್ರೋನ್ ಬರುವ ಮೊದಲು ಹೆಲಿಕಾಪ್ಟರ್ ಬಾಡಿಗೆಗೆ ಹೆದರಿ ಯಾರೂ ಈ ತಪ್ಪು ಮಾಡುತ್ತಿರಲಿಲ್ಲ. ಈಗ ಡ್ರೋನ್ ಅಗ್ಗ, ಹಾಗಾಗಿ ಬಡ ಬಜೆಟ್ಟಿನ ಪ್ರತಿ ಯುದ್ಧ ಚಿತ್ರವೂ ಟ್ರೇಲರಿನಲ್ಲೇ ತನ್ನ ಬಡತನವನ್ನು ಮೇಲಿಂದ ತೋರಿಸುತ್ತಿದೆ.

ಜನರನ್ನು ಹೆಚ್ಚಿಸುವ ಇನ್ನೊಂದು ಹಳೆಯ ದಾರಿ, ಕ್ಯಾಮೆರಾವನ್ನು ಗಟ್ಟಿಯಾಗಿ ಬಿಗಿದು ಅದೇ 60 ಜೂನಿಯರ್ ಆರ್ಟಿಸ್ಟ್‌ಗಳನ್ನು ಫ್ರೇಮಿನ ಐದು ಭಾಗಗಳಲ್ಲಿ ಒಂದಾದ ಮೇಲೊಂದರಂತೆ ನಿಲ್ಲಿಸಿ ತೆಗೆದು, ಆಮೇಲೆ ಹೊಲಿಯುವುದು. 60 ಜನ 300 ಆಗುತ್ತಾರೆ. ಇದು ಕೆಡುವುದು ಯಾವಾಗಲೂ ಅವೇ ಕಾರಣಗಳಿಗೆ. ಐದೂ ಭಾಗಗಳನ್ನು ಅರ್ಧ ಗಂಟೆಯೊಳಗೆ ಮುಗಿಸದಿದ್ದರೆ ನೆರಳಿನ ದಿಕ್ಕು ತಿರುಗುತ್ತದೆ, ಮೋಡ ಬಂದು ಹೋದರೆ ಒಂದು ತುಂಡು ಬೆಳ್ಳಗೆ ಇನ್ನೊಂದು ಕಪ್ಪಗೆ. ಹೊಲಿಗೆಯ ಗೆರೆಯ ಮೇಲೆ ಹೊಗೆ ಹಾಯ್ದರೆ ಅದು ಅಲ್ಲೇ ಕತ್ತರಿಸಿದಂತೆ ನಿಲ್ಲುತ್ತದೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು, ಗುರಾಣಿ ಬದಲಿಸುವುದನ್ನು ಮರೆಯುವುದು. ಕೆಂಪು ಗುರಾಣಿಯ ದಪ್ಪ ಮೀಸೆಯವನೊಬ್ಬ ಐದು ಕಡೆ ನಿಂತಿರುತ್ತಾನೆ. ಪ್ರತಿ ಸಲ ಮುಂದಿನ ಸಾಲಿನವರನ್ನು ಹಿಂದಕ್ಕೆ ಕಳಿಸಿ, ಗುರಾಣಿ, ಮೇಲಂಗಿ ಅದಲುಬದಲು ಮಾಡಿಸಲು ಇಬ್ಬರು ಸಹಾಯಕರು ಸಾಕು. ಆ ಇಬ್ಬರ ಕೂಲಿ ಉಳಿಸಿದರೆ ಸಿಜಿಯವರ (ಕಂಪ್ಯೂಟರ್ ಗ್ರಾಫಿಕ್ಸ್‌ನವರ) ಎರಡು ವಾರದ ಕೂಲಿ ತೆರಬೇಕು.

ಜನ ಕಡಿಮೆ ಇದ್ದಾಗ ನಿರ್ದೇಶಕರು ಹಿಡಿಯುವ ಅಡ್ಡದಾರಿಯೇ ಕೈಯಲ್ಲಿ ಹಿಡಿದು ಅಲುಗಾಡಿಸುವ ಕ್ಯಾಮೆರಾ. ‘ಐರನ್‌ಕ್ಲಾಡ್’ ಬಗ್ಗೆ ವಿಮರ್ಶಕರು ಹೆಚ್ಚು ಗೊಣಗಿದ್ದೂ ಇದರ ಬಗ್ಗೆಯೇ. ಯುದ್ಧ ಚಿತ್ರಗಳಲ್ಲಿ ಇದು ರೂಢಿಯಾದದ್ದು 1998ರ ‘ಸೇವಿಂಗ್ ಪ್ರೈವೇಟ್ ರಯಾನ್’ ಬಂದ ಮೇಲೆ. ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮು, 180 ಡಿಗ್ರಿ ಶಟರ್ (ಫ್ರೇಮಿಗೆ ಬೆಳಕು ಬಿಡುವ ಕಿಂಡಿ) ಇಟ್ಟರೆ ಪ್ರತಿ ಫ್ರೇಮು ಸೆಕೆಂಡಿನ 48ನೇ ಒಂದು ಭಾಗ ಬೆಳಕು ಕುಡಿಯುತ್ತದೆ, ಚಲನೆ ನಯವಾಗಿ ಮಸುಕಾಗುತ್ತದೆ. ಆ ಚಿತ್ರದ ಕಡಲತೀರದ ಯುದ್ಧಕ್ಕೆ 90 ಮತ್ತು 45 ಡಿಗ್ರಿ ಬಳಸಿದರು. 45 ಡಿಗ್ರಿಯಲ್ಲಿ ಅದು ಸೆಕೆಂಡಿನ 192ನೇ ಒಂದು ಭಾಗ. ಮಸುಕು ಹೋಗಿ ಮಣ್ಣಿನ ಕಣವೂ ಕಡಿದಂತೆ ಕಾಣುತ್ತದೆ, ನಡೆ ತಟತಟನೆ ಜಿಗಿಯುತ್ತದೆ. ಬಾಂಬು ಬಿದ್ದು ಕಿವಿ ಮುಚ್ಚಿಹೋದ ಸೈನಿಕನ ಅನುಭವಕ್ಕೆ ಅದು ಹೊಂದಿತು.

ಕತ್ತಿ ಕಾಳಗಕ್ಕೆ ಅದೇ ವಿದ್ಯೆ ಹಚ್ಚಿದರೆ ಆಗುವುದೇ ಬೇರೆ. ಗುಂಡು ಎಲ್ಲಿಂದ ಬಂತೆಂದು ಸೈನಿಕನಿಗೆ ಗೊತ್ತಾಗದಿರುವುದೇ ಅಲ್ಲಿನ ಭಯ. ಕತ್ತಿಯ ಹೊಡೆತ ಹಾಗಲ್ಲ. ಭುಜ ಎತ್ತುವುದು, ಕಾಲು ಮುಂದಿಡುವುದು, ಎದುರಿನವನು ಗುರಾಣಿ ಎತ್ತಲು ತಡಮಾಡುವುದು, ಇಷ್ಟೂ ಕಂಡರೆ ಮಾತ್ರ ಏಟು ಬೀಳುವ ಮುಂಚಿನ ಆ ಅರ್ಧ ಸೆಕೆಂಡು ನೋಡುಗನ ಎದೆ ಬಿಗಿಯುತ್ತದೆ. ಕ್ಯಾಮೆರಾ ಮುಖದ ಹತ್ತಿರ ಅಲುಗುತ್ತ, ಪ್ರತಿ ಸೆಕೆಂಡಿಗೊಂದು ಕಟ್ ಬೀಳುತ್ತಿದ್ದರೆ ಉಳಿಯುವುದು ಸದ್ದು ಮಾತ್ರ. ಅಲುಗಾಟ ಅಲ್ಯೂಮಿನಿಯಂ ಕತ್ತಿಯನ್ನು ಮರೆಮಾಡುತ್ತದೆ, ಫೈಟರ್ ಏಟನ್ನು ಹಿಂದಕ್ಕೆ ಎಳೆದುಕೊಂಡದ್ದನ್ನು ಮರೆಮಾಡುತ್ತದೆ, ಹಿಂದೆ ಜನವಿಲ್ಲದ್ದನ್ನು ಮರೆಮಾಡುತ್ತದೆ. ಅದರ ಜೊತೆಗೆ ಯಾರು ಎಲ್ಲಿದ್ದಾರೆ, ಗೋಡೆಯ ಯಾವ ಭಾಗ ಸೋತಿತು, ಯಾರು ಯಾರ ಸಹಾಯಕ್ಕೆ ಓಡುತ್ತಿದ್ದಾರೆ ಎಂಬುದನ್ನೂ ಮರೆಮಾಡುತ್ತದೆ. ಮುತ್ತಿಗೆಯ ಕಥೆಯಲ್ಲಿ ಇದು ಪ್ರಾಣಕ್ಕೇ ಸಂಚಕಾರ. ಯಾಕೆಂದರೆ ಮುತ್ತಿಗೆ ಎಂದರೆ ಜಾಗ ಕಳೆದುಕೊಳ್ಳುತ್ತ ಹೋಗುವ ಕಥೆ: ಹೊರಗೋಡೆ ಹೋಯಿತು, ಅಂಗಳ ಹೋಯಿತು, ಗೋಪುರದ ಒಂದು ಮೂಲೆ ಹೋಯಿತು. ಕೋಟೆಯ ನಕ್ಷೆ ತಲೆಯಲ್ಲಿ ಕೂರದ ನೋಡುಗನಿಗೆ ಇದಾವುದೂ ನಷ್ಟವೆನಿಸುವುದಿಲ್ಲ.

ಇದಕ್ಕೆ ಉತ್ತರ 1965ರಲ್ಲೇ ಸಿಕ್ಕಿತ್ತು. ಆರ್ಸನ್ ವೆಲ್ಸ್ ‘ಚೈಮ್ಸ್ ಅಟ್ ಮಿಡ್‌ನೈಟ್’ನ ಶ್ರೂಸ್‌ಬರಿ ಕಾಳಗವನ್ನು ಮ್ಯಾಡ್ರಿಡ್‌ನ ಉದ್ಯಾನವೊಂದರಲ್ಲಿ, ಇನ್ನೂರಕ್ಕಿಂತ ಕಡಿಮೆ ಜನರನ್ನು ಇಟ್ಟುಕೊಂಡು ತೆಗೆದರು. ಅವರ ಕೈಯಲ್ಲೂ ದುಡ್ಡಿರಲಿಲ್ಲ. ಅಲ್ಲೂ ಕ್ಯಾಮೆರಾ ಅಲುಗುತ್ತದೆ, ಕಟ್‌ಗಳು ಚಕಚಕನೆ ಬೀಳುತ್ತವೆ. ಆದರೆ ಶುರುವಿನಲ್ಲಿ ಎರಡು ದಂಡುಗಳು ಯಾವ ಕಡೆ ನಿಂತಿವೆ, ಮಂಜಿನಲ್ಲಿ ಯಾರು ಯಾರತ್ತ ಹೊರಟರು ಎಂಬುದು ನೆಟ್ಟಗೆ ಕಾಣುತ್ತದೆ. ಗೊಂದಲ ಬರುವುದು ಆಮೇಲೆ, ಕೆಸರಿನಲ್ಲಿ ಸೈನಿಕರು ಸುಸ್ತಾಗಿ ಹೊಡೆತಗಳೇ ನಿಧಾನವಾಗುವ ಹೊತ್ತಿಗೆ. ಜೂನಿಯರ್ ಕಲಾವಿದರಿಗೆ ಹೊಡೆದಾಟದ ಬಿಸಿ ಏರಲು ಸಮಯ ಬೇಕೆಂದು ವೆಲ್ಸ್ ಉದ್ದುದ್ದ ಟೇಕ್ ತೆಗೆದು, ಅದರಿಂದ ಸಣ್ಣ ಸಣ್ಣ ತುಂಡು ಆರಿಸಿಕೊಂಡರು. ಸಣ್ಣ ತುಂಡನ್ನೇ ತೆಗೆಯುವುದಕ್ಕೂ ಉದ್ದ ತೆಗೆದು ಸಣ್ಣದಾಗಿ ಕತ್ತರಿಸುವುದಕ್ಕೂ ಇರುವ ವ್ಯತ್ಯಾಸ ಎಡಿಟಿಂಗ್ ಟೇಬಲ್ಲಿನ ಮುಂದೆ ಕೂತವರಿಗೆ ಗೊತ್ತು. ಮೊದಲನೆಯದರಲ್ಲಿ ನಟನಿಗೆ ಉಸಿರೇ ಕಟ್ಟಿರುವುದಿಲ್ಲ.

ಇನ್ನು ರಕ್ತ. ‘ಐರನ್‌ಕ್ಲಾಡ್’ ಹೆಸರು ಮಾಡಿದ್ದೇ ಕಡಿದ ಕೈ, ಸೀಳಿದ ಹೆಗಲುಗಳಿಂದ. ಕಂಪ್ಯೂಟರ್ ರಕ್ತಕ್ಕೆ ಹೋಗದೆ ಸೆಟ್ಟಿನಲ್ಲೇ ಮಾಡುವುದು ಮೆಚ್ಚಬೇಕಾದ್ದೇ. ಆದರೆ ಸಮಯದ ಲೆಕ್ಕದಲ್ಲಿ ಇದಕ್ಕಿಂತ ದುಬಾರಿ ಶಾಟ್ ಇನ್ನೊಂದಿಲ್ಲ. ಸಿಲಿಕೋನಿನ ಕೃತಕ ಅಂಗ ಒಂದು ಏಟಿಗೆ ಮುಗಿಯಿತು, ಮೂರು ಟೇಕ್ ಬೇಕಿದ್ದರೆ ಮೂರು ಅಂಗ. ರಕ್ತ ಚಿಮ್ಮಿದ ಬಟ್ಟೆ ಮತ್ತೆ ಬರುವುದಿಲ್ಲ, ಒಬ್ಬೊಬ್ಬನಿಗೂ ಮೂರು ಜೊತೆ. ನೆಲ ತೊಳೆದು, ನಳಿಕೆ ಮತ್ತೆ ತುಂಬಿ, ಮೇಕಪ್ ಮತ್ತೆ ಹಚ್ಚಿ ಮುಂದಿನ ಟೇಕಿಗೆ ಸಿದ್ಧವಾಗಲು ಮುಕ್ಕಾಲು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ನವೆಂಬರ್ ಕೊನೆಗೆ ವೇಲ್ಸ್‌ನಲ್ಲಿ ಹಗಲು ಎಂಟು ಗಂಟೆ ಚಿಲ್ಲರೆ. ಊಟ, ಲೈಟ್, ತಾಲೀಮು ಕಳೆದರೆ ಕೈಗೆ ಉಳಿಯುವುದು ಆರು ಗಂಟೆ. ಇಂಥ ಎರಡು ಶಾಟಿಗೆ ಅದರಲ್ಲಿ ನಾಲ್ಕು ಗಂಟೆ ಹೋದರೆ, ಗೋಡೆ ಯಾವುದು ಬಾಗಿಲು ಯಾವುದು ಎಂದು ತೋರಿಸುವ ಅಗಲ ಶಾಟಿಗೆ ಹೊತ್ತೆಲ್ಲಿ? ಇಂಥ ಚಿತ್ರಗಳಲ್ಲಿ ವೈಡ್ ಶಾಟ್ ಕಾಣದಿರುವುದಕ್ಕೆ ಇದೂ ಒಂದು ಕಾರಣ.

ಮೇಲಾಗಿ ಅದು ನಿಜವೂ ಅಲ್ಲ. 1215ರ ನೈಟ್ ತೊಡುತ್ತಿದ್ದದ್ದು ಕಬ್ಬಿಣದ ಬಳೆಗಳನ್ನು ಹೆಣೆದ, 12–15 ಕಿಲೊ ತೂಗುವ ಸರಪಳಿ ಅಂಗಿ, ಅದರೊಳಗೆ ದಪ್ಪ ಹೊಲಿದ ದಗಲೆ. ಕತ್ತಿಯ ಕಡಿತವನ್ನು ತಡೆಯಲೆಂದೇ ಮಾಡಿದ್ದು ಅದು. ಏಟಿಗೆ ಒಳಗೆ ಮೂಳೆ ಮುರಿಯಬಹುದು, ಅಂಗಿ ಸೀಳುವುದಿಲ್ಲ. ಚಿತ್ರದಲ್ಲಿ ಕತ್ತಿ ಹೆಗಲಿಂದ ಸೊಂಟಕ್ಕೆ ಬಾಳೆದಿಂಡು ಕಡಿದಂತೆ ಇಳಿಯುತ್ತದೆ. ಹಾಗಿದ್ದರೆ ಅಷ್ಟು ಭಾರ ಹೊತ್ತು ಓಡಾಡುವುದಾದರೂ ಏಕೆ? ನಾಯಕ ಜೇಮ್ಸ್ ಪ್ಯೂರಿಫಾಯ್ ಕೈಯಲ್ಲಿರುವ ಆಳುದ್ದದ ಎರಡು ಕೈ ಕತ್ತಿಯಂತೂ ಆ ಕಾಲಕ್ಕೆ ಇನ್ನೂ ಹುಟ್ಟಿರಲಿಲ್ಲ.

ಕವಚದ ಮಾತು ಬಂದದ್ದರಿಂದ ಒಂದು ಸಣ್ಣ ವಿಷಯ. ಅಗ್ಗದ ಚಿತ್ರಗಳಲ್ಲಿ ದಪ್ಪ ನೂಲಿನಲ್ಲಿ ಹೆಣೆದು ಬೆಳ್ಳಿ ಬಣ್ಣ ಹೊಡೆದ ಅಂಗಿಯನ್ನೇ ಸರಪಳಿ ಅಂಗಿ ಎಂದು ತೋರಿಸುವುದು ಹಳೆಯ ರೂಢಿ. ದೂರಕ್ಕೆ ನಡೆಯುತ್ತದೆ. ಸಿಕ್ಕಿಬೀಳುವುದು ಮಳೆಯಲ್ಲಿ, ನೂಲು ನೀರು ಕುಡಿದು ಕಪ್ಪಾಗಿ ಜೋತುಬೀಳುತ್ತದೆ. ಪಟ್ಟಿ ಕಟ್ಟಿದಾಗ ಸೊಂಟದ ಮೇಲೆ ನಿಜವಾದ ಸರಪಳಿಯಂತೆ ತೂಕದಿಂದ ಮಡಚಿಕೊಳ್ಳುವುದಿಲ್ಲ, ಓಡಿದರೆ ಸದ್ದಿಲ್ಲ. ಮುಂದಿನ ಸಾಲಿನ ಹತ್ತು ಜನಕ್ಕೆ ಲೋಹದ್ದು, ಉಳಿದವರಿಗೆ ನೂಲಿನದು, ಎಲ್ಲರ ಮೇಲೂ ಒಂದು ಉದ್ದನೆಯ ಬಟ್ಟೆಯ ಮೇಲಂಗಿ. ಆ ಕಾಲದವರೂ ಕವಚದ ಮೇಲೆ ಹಾಗೆ ತೊಡುತ್ತಿದ್ದರು, ಇತಿಹಾಸಕ್ಕೂ ಒಪ್ಪುತ್ತದೆ, ಜೇಬಿಗೂ ಒಪ್ಪುತ್ತದೆ.

ಈಗ ಮುಖ್ಯ ವಿಷಯ, ಕಥೆ.

ಚಿತ್ರದಲ್ಲಿ ಜಾನ್ ದೊರೆಯ ಕೂಲಿ ಪಡೆ ಡೆನ್ಮಾರ್ಕಿನದು. ಅವರು ಕ್ರೈಸ್ತರಲ್ಲ, ತಮ್ಮ ನೆಲಕ್ಕೆ ಪಾದ್ರಿಗಳು ಕಾಲಿಡದಂತೆ ಪೋಪ್ ನೋಡಿಕೊಳ್ಳುತ್ತಾರೆಂಬ ಆಸೆಗೆ ಬಂದವರು. ಡೆನ್ಮಾರ್ಕ್ ಕ್ರೈಸ್ತ ಧರ್ಮ ಒಪ್ಪಿ ಆಗಲೇ ಇನ್ನೂರೈವತ್ತು ವರ್ಷ ಆಗಿತ್ತು. 1219ರಲ್ಲಿ ಅದರ ದೊರೆ ಎರಡನೇ ವಾಲ್ಡೆಮಾರ್ ತಾನೇ ಶಿಲುಬೆ ಹಿಡಿದು ಎಸ್ಟೋನಿಯಾದ ಮೇಲೆ ದಂಡೆತ್ತಿ ಹೋದ. ಜಾನ್‌ನ ನಿಜವಾದ ಕೂಲಿ ಪಡೆಯವರು ಫ್ಲ್ಯಾಂಡರ್ಸ್ (ಈಗಿನ ಬೆಲ್ಜಿಯಂ ಭಾಗ), ಪ್ವಾತೂ (ಪಶ್ಚಿಮ ಫ್ರಾನ್ಸ್) ಕಡೆಯವರು. ಚಿತ್ರದ ನಾಯಕ ಟೆಂಪ್ಲರ್ ನೈಟ್, ಅಂದರೆ ಸನ್ಯಾಸ ವ್ರತ ತೊಟ್ಟ ಕ್ರೈಸ್ತ ಯೋಧ, ದಂಗೆಕೋರರ ಪಕ್ಷ. ಇತಿಹಾಸದಲ್ಲಿ ಇಂಗ್ಲೆಂಡಿನ ಟೆಂಪ್ಲರುಗಳ ಮುಖ್ಯಸ್ಥ ಐಮೆರಿಕ್ ದೊರೆಯ ಆಪ್ತ ಸಲಹೆಗಾರ, ದೊರೆಯ ಅಧಿಕಾರಕ್ಕೆ ಮಿತಿ ಹಾಕಿದ ಅದೇ ವರ್ಷದ ಸನದು ಮ್ಯಾಗ್ನ ಕಾರ್ಟಾದ ಪೀಠಿಕೆಯಲ್ಲೇ ದೊರೆಯ ಕಡೆಯವನಾಗಿ ಅವನ ಹೆಸರಿದೆ. ಚಿತ್ರದ ಕೊನೆಗೆ ಫ್ರಾನ್ಸಿನ ರಾಜಕುಮಾರ ಲೂಯಿ ಸೈನ್ಯ ಸಮೇತ ಬಂದು ಕೋಟೆ ಉಳಿಸುತ್ತಾನೆ, ಆರ್ಚ್‌ಬಿಷಪ್ ಲ್ಯಾಂಗ್ಟನ್ ಜೊತೆಗಿರುತ್ತಾನೆ. ಲೂಯಿ ಇಂಗ್ಲೆಂಡಿನ ದಡ ಹತ್ತಿದ್ದು 1216ರ ಮೇ ತಿಂಗಳಲ್ಲಿ, ಕೋಟೆ ಬಿದ್ದು ಆರು ತಿಂಗಳಾದ ಮೇಲೆ. ಲ್ಯಾಂಗ್ಟನ್ ಆ ನವೆಂಬರಿನಲ್ಲಿ ರೋಮ್‌ನಲ್ಲಿದ್ದ.

ಸಿನಿಮಾ ಪಠ್ಯಪುಸ್ತಕವಲ್ಲ, ಬದಲಾಯಿಸಲಿ. ತಕರಾರು ಬದಲಾವಣೆಯ ಬಗ್ಗೆ ಇಲ್ಲ, ಅದರ ಬೆಲೆಯ ಬಗ್ಗೆ. ಒಂದು ವಿಚಿತ್ರ ವೇಷದ ಡೇನಿಷ್ ಪಡೆಗೆ ಬೇರೆಯೇ ಬಟ್ಟೆ, ಬೇರೆಯೇ ಆಯುಧ. ಕೊನೆಗೆ ಬರುವ ಫ್ರೆಂಚ್ ದಂಡಿಗೆ ಇನ್ನೊಂದು ಜೊತೆ. ಇಷ್ಟು ಖರ್ಚು ಮಾಡಿ ಕೈಬಿಟ್ಟದ್ದೇನು ಎಂದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಅಕ್ಟೋಬರ್ 13ಕ್ಕೆ ಶುರುವಾದ ಮುತ್ತಿಗೆ ಮುಗಿದದ್ದು ನವೆಂಬರ್ 30ಕ್ಕೆ. ಶುರುವಾದ ಮರುದಿನವೇ ದೊರೆ ಕ್ಯಾಂಟರ್ಬರಿಗೆ ಬರೆದು, ಊರಿನ ಕಮ್ಮಾರರೆಲ್ಲ ಹಗಲೂ ರಾತ್ರಿ ಗುದ್ದಲಿ ಮಾಡಲಿ ಎಂದ. ಲಂಡನ್ನಿನಿಂದ 700 ಕುದುರೆ ಸವಾರರು ಕೋಟೆಯವರ ನೆರವಿಗೆ ಹೊರಟು, ಡಾರ್ಟ್‌ಫರ್ಡ್‌ವರೆಗೆ ಬಂದು, ಅಲ್ಲಿಂದಲೇ ಹಿಂದಿರುಗಿದರು. ಐದು ಕಲ್ಲೆಸೆಯುವ ಯಂತ್ರಗಳು ಬಿಡುವಿಲ್ಲದೆ ಬಡಿದವು. ಮೂಲೆ ಕುಸಿದ ಮೇಲೂ ಒಳಗಿನವರು ಶರಣಾಗಲಿಲ್ಲ. ಆ ಗೋಪುರವನ್ನು ನಡುವೆ ಎರಡಾಗಿ ಸೀಳುವ ಒಂದು ದಪ್ಪ ಅಡ್ಡಗೋಡೆ ಇದೆ, ಅದರ ಹಿಂದಕ್ಕೆ ಸರಿದು ಅರ್ಧ ಕಟ್ಟಡವನ್ನೇ ಕೋಟೆ ಮಾಡಿಕೊಂಡರು. ನೀರು ಕುಡಿದು ತಮ್ಮ ಕುದುರೆಗಳ ಮಾಂಸ ತಿಂದರು. ಸುಖದಲ್ಲಿ ಬೆಳೆದವರಿಗೆ ಅದು ಎಷ್ಟು ಕಷ್ಟವಾಯಿತೆಂದು ಆ ಕಾಲದ ಚರಿತ್ರೆಕಾರನೊಬ್ಬ ಬರೆದಿಟ್ಟಿದ್ದಾನೆ. ಕೊನೆಗೆ, ಹೋರಾಡುವ ಶಕ್ತಿ ಇಲ್ಲದವರನ್ನು ತಾವೇ ಹೊರಗೆ ಕಳಿಸಿದರು. ಹಾಗೆ ಬಂದವರಲ್ಲಿ ಕೆಲವರ ಕೈಕಾಲನ್ನು ದೊರೆ ಕಡಿಸಿದನೆಂದು ಹೇಳುತ್ತಾರೆ.

ಯಾರನ್ನು ಹೊರಗೆ ಕಳಿಸುವುದು? ಇದನ್ನು ತೀರ್ಮಾನಿಸಿದ ಕೋಣೆಯೊಂದು ಇದ್ದಿರಲೇಬೇಕು. ನಾಲ್ಕು ಗೋಡೆ, ಒಂದು ಪಂಜು, ಆರೇಳು ನಟರು, ಎರಡು ರಾತ್ರಿಯ ಕಾಲ್‌ಶೀಟ್. ಚಿತ್ರದಲ್ಲಿ ಹಸಿವು ಬರುತ್ತದೆ, ಕೆನ್ನೆ ಒಳಹೋಗುತ್ತದೆ, ಆದರೆ ಅದು ಒಂದು ಹೊಡೆದಾಟಕ್ಕೂ ಇನ್ನೊಂದಕ್ಕೂ ನಡುವಿನ ವಿರಾಮ. ಆ ವಿರಾಮದಲ್ಲೂ ಅರ್ಧ ಪಾಲು ಟೆಂಪ್ಲರನ ಬ್ರಹ್ಮಚರ್ಯ ವ್ರತ ಮತ್ತು ಕೋಟೆಯೊಡತಿಯ ಪ್ರೇಮಕ್ಕೆ ಹೋಗುತ್ತದೆ.

ಸುರಂಗದ ವಿಷಯ ಇನ್ನೂ ಬೇಸರ ತರಿಸುತ್ತದೆ. ಹಂದಿಗಳೇನೋ ಚಿತ್ರದಲ್ಲಿವೆ. ಆದರೆ ಸುರಂಗದ ಭಯ ಇರುವುದು ಬೀಳುವ ಗೋಡೆಯಲ್ಲಿ ಅಲ್ಲವೇ ಅಲ್ಲ, ಕಾಲಡಿಯಿಂದ ಬರುವ ಸದ್ದಿನಲ್ಲಿ. ಹಿಂದಿನ ಕಾಲದ ಕೋಟೆಗಳಲ್ಲಿ ಶತ್ರು ಎಲ್ಲಿ ಅಗೆಯುತ್ತಿದ್ದಾನೆಂದು ತಿಳಿಯಲು ನೆಲದ ಮೇಲೆ ನೀರು ತುಂಬಿದ ಬಟ್ಟಲುಗಳನ್ನು ಇಡುತ್ತಿದ್ದರು. ನೀರು ನಡುಗಿದ ಕಡೆ ಗುದ್ದಲಿ ಇದೆ ಎಂದರ್ಥ. ಒಂದು ಬಟ್ಟಲು, ಒಬ್ಬ ಶಬ್ದ ವಿನ್ಯಾಸಕ. ದಿನದಿಂದ ದಿನಕ್ಕೆ ಹತ್ತಿರವಾಗುವ ಟಕ್ ಟಕ್, ಒಂದು ದಿನ ಅದು ತಟ್ಟನೆ ನಿಂತುಹೋಗುವುದು. ಅಗೆದು ಮುಗಿಯಿತು, ಇನ್ನು ಬೆಂಕಿ. ಸಾವಿರ ಜನರ ದಂಡು ಹುಟ್ಟಿಸಲಾರದ ದಿಗಿಲನ್ನು ಈ ಮೌನ ಹುಟ್ಟಿಸಬಲ್ಲದು. ಶಬ್ದಕ್ಕೆ ಕೊನೆಯಲ್ಲಿ ಉಳಿದ ಚಿಲ್ಲರೆ ಕೊಡುವ ನಿರ್ಮಾಪಕರಿಗೆ ಇದು ಹೊಳೆಯುವುದೇ ಇಲ್ಲ.

ಇದನ್ನು ಬಲ್ಲವರು ನಮ್ಮಲ್ಲಿದ್ದರು. 1972ರ ‘ನಾಗರಹಾವು’ ಚಿತ್ರದಲ್ಲಿ ಪುಟ್ಟಣ್ಣ ಕಣಗಾಲರು ಹೈದರಾಲಿಯ ಚಿತ್ರದುರ್ಗ ಮುತ್ತಿಗೆಯನ್ನು ಒಂದು ಹಾಡಿನೊಳಗೆ ತಂದರು. ಅದು ಯುದ್ಧ ಚಿತ್ರವೂ ಅಲ್ಲ, ಕಾಲೇಜು ಹುಡುಗನ ಕಥೆ. ದಂಡನ್ನು ತೋರಿಸಲು ಬಯಲಿಲ್ಲ, ಬಜೆಟ್ಟೂ ಇಲ್ಲ. ಅವರ ಬಳಿ ಇದ್ದದ್ದು ದುರ್ಗದ ಕಲ್ಲು, ಒಂದು ಕಿಂಡಿ, ಒನಕೆ ಹಿಡಿದ ಜಯಂತಿ. ಕಿಂಡಿಯಲ್ಲಿ ಒಬ್ಬೊಬ್ಬನೇ ನುಸುಳಬೇಕು, ತಲೆ ಹೊರಗೆ ಬಂದಾಗ ಒಂದು ಏಟು, ಹೆಣ ಎಳೆದು ಪಕ್ಕಕ್ಕೆ, ಮುಂದಿನವನು ಬರುವಷ್ಟರಲ್ಲಿ ಮತ್ತೆ ಸಿದ್ಧ. ಎಷ್ಟು ಸೈನಿಕರಿದ್ದಾರೆಂದು ಎಣಿಸುವ ಅಗತ್ಯವೇ ಬೀಳುವುದಿಲ್ಲ, ಗೋಡೆಯ ಆಚೆ ಎಷ್ಟಿದ್ದರೂ ಈಚೆಗೆ ಬರುವುದು ಒಬ್ಬ. ಓಬವ್ವ ಎಲ್ಲಿ ನಿಂತಿದ್ದಾಳೆ, ಶತ್ರು ಎಲ್ಲಿಂದ ಬರುತ್ತಾನೆ, ಅವಳಿಗೆ ಎಷ್ಟು ಹೊತ್ತಿದೆ, ಮೂರೂ ನೋಡುಗನಿಗೆ ಗೊತ್ತು. ಅಷ್ಟು ಗೊತ್ತಿದ್ದರೆ ಉಳಿದದ್ದನ್ನು ಅವನ ಎದೆಬಡಿತವೇ ಮಾಡುತ್ತದೆ. ರಾಚೆಸ್ಟರಿನ ಅಡ್ಡಗೋಡೆಯ ಬಾಗಿಲುಗಳು ಇಂಥವೇ ಕಿಂಡಿಗಳು. ಇಪ್ಪತ್ತೇ ಜನ ಸಾಕು ಎಂದಿದ್ದರೆ ಅವರನ್ನು ನಿಲ್ಲಿಸಬೇಕಾದ ಜಾಗ ಅದು. ಚಿತ್ರದಲ್ಲಿ ಆ ಗೋಡೆಗೆ ಯಾವ ಪಾತ್ರವೂ ಇಲ್ಲ.

ಕೋಟೆ ಶರಣಾದ ಮೇಲಿನ ದೃಶ್ಯವನ್ನಂತೂ ಚಿತ್ರ ಬರೆಯಲೇ ಇಲ್ಲ, ಫ್ರೆಂಚರು ಬಂದುಬಿಡುತ್ತಾರಲ್ಲ. ಸಿಕ್ಕಿಬಿದ್ದ ಶ್ರೀಮಂತರನ್ನೆಲ್ಲ ಗಲ್ಲಿಗೇರಿಸುತ್ತೇನೆಂದು ಜಾನ್ ಹಟ ಹಿಡಿದ. ಅವನದೇ ಸೇನಾನಿ ಸವಾರಿ ಡಿ ಮೊಲಿಯೊನ್ ತಡೆದ. ಅವನ ವಾದ ದಯೆಯದಲ್ಲ, ವ್ಯವಹಾರದ್ದು: ಯುದ್ಧ ಇನ್ನೂ ಮುಗಿದಿಲ್ಲ, ಇಂದು ನಾವು ಅವರನ್ನು ನೇತುಹಾಕಿದರೆ ನಾಳೆ ಅವರ ಕೈಗೆ ಸಿಕ್ಕಿದ ನಮ್ಮನ್ನು ಅವರು ನೇತುಹಾಕುತ್ತಾರೆ, ಆಮೇಲೆ ನಿನಗಾಗಿ ಯಾರು ಹೋರಾಡುತ್ತಾರೆ? ದೊರೆ ಒಪ್ಪಿದ. ಕೋಟೆ ಕಾದ ವಿಲಿಯಂ ಡಿ ಆಬಿನಿ ಸೆರೆಮನೆಗೆ ಹೋದ, ಬದುಕಿ ಹೊರಗೂ ಬಂದ. ಚಿತ್ರದಲ್ಲಿ ‘ಅಲ್ಬನಿ’ ಎಂಬ ಹೆಸರಿನ ಅವನನ್ನು ಅಂಗಛೇದ ಮಾಡಿ ಕವಣೆಯಂತ್ರದಿಂದ ಗೋಡೆಗೆ ಎಸೆಯುತ್ತಾರೆ. ಇತಿಹಾಸದಲ್ಲಿ ಗಲ್ಲಿಗೇರಿದವನು ಒಬ್ಬನೇ, ಒಬ್ಬ ಅಡ್ಡಬಿಲ್ಲುಗಾರ. ಅವನು ಚಿಕ್ಕಂದಿನಿಂದ ಜಾನ್‌ನ ಮನೆಯಲ್ಲೇ ಬೆಳೆದವನು.

ಜಿಯಾಮಾಟಿಯಂಥ ನಟ, ಎದುರಿಗೆ ಆ ಹುಡುಗ, ಪಕ್ಕದಲ್ಲಿ ಲೆಕ್ಕ ಹೇಳುವ ಸೇನಾನಿ. ಹನಿ ರಕ್ತ ಬೇಡ, ಸಿಜಿ ಬೇಡ. 121 ನಿಮಿಷದ ಚಿತ್ರದಲ್ಲಿ ಇದಕ್ಕೆ ಆರು ನಿಮಿಷ ಸಿಗಲಿಲ್ಲ, ಕವಣೆಯಲ್ಲಿ ಹಾರುವ ಮನುಷ್ಯನಿಗೆ ಸಿಕ್ಕಿತು.

ಇಂಥ ಚಿತ್ರವನ್ನು ಕೈಗೆತ್ತಿಕೊಳ್ಳುವವರು, ಅದು ಬೆಂಗಳೂರಿನಲ್ಲಾದರೂ ಸರಿ, ಚಿತ್ರಕಥೆ ಬರೆಯುವ ಮೊದಲು ಮಾಡಬೇಕಾದ ಒಂದು ಕೆಲಸವಿದೆ. ಪ್ರತಿ ದೃಶ್ಯದ ಮುಂದೆ ಮೂರು ಅಂಕಣ ಎಳೆದು, ಫ್ರೇಮಿನಲ್ಲಿ ಒಮ್ಮೆಗೆ ಎಷ್ಟು ಜನ, ಟೇಕ್ ಕೆಟ್ಟರೆ ಮತ್ತೆ ಸಿದ್ಧವಾಗಲು ಎಷ್ಟು ನಿಮಿಷ, ಇದು ಮುಗಿದಾಗ ಯಾರು ಯಾವ ಜಾಗ ಕಳೆದುಕೊಂಡರು ಎಂದು ತುಂಬಬೇಕು. ಮೊದಲ ಎರಡರಲ್ಲಿ ದೊಡ್ಡ ಅಂಕೆ ಇದ್ದು ಮೂರನೆಯದು ಖಾಲಿ ಇದ್ದರೆ ಆ ದೃಶ್ಯವನ್ನು ಹರಿದು ಹಾಕಬಹುದು. ಗುಂಪಿನ ಶಾಟ್‌ಗಳನ್ನೆಲ್ಲ ಎರಡೋ ಮೂರೋ ದಿನಕ್ಕೆ ಕಟ್ಟಿ, ಜನರನ್ನು ಅಷ್ಟು ದಿನಕ್ಕೇ ಕರೆಸಿ, ಬೆಳಗ್ಗೆ ಎಲ್ಲರ ಬಟ್ಟೆ ಶುಭ್ರವಾಗಿರುವಾಗ ಅಗಲ ಶಾಟ್ ಮುಗಿಸಿ, ರಕ್ತದ ಕೆಲಸವನ್ನು ಮಧ್ಯಾಹ್ನದ ಮೇಲಕ್ಕೆ ತಳ್ಳಬೇಕು. ಹಿಮ್ಮುಖವಾಗಿ ಮಾಡಿದರೆ ಒಗೆಯುವವರನ್ನು ಕಾಯುತ್ತ ಬೆಳಕು ಹೋಗುತ್ತದೆ. ಕೋಟೆಯ ನಕ್ಷೆಯನ್ನು ಮೊದಲ ಇಪ್ಪತ್ತು ನಿಮಿಷದೊಳಗೆ ಯಾವುದಾದರೂ ನೆಪದಲ್ಲಿ, ಕಾವಲು ಸುತ್ತುವ ಒಬ್ಬನ ಹಿಂದೆ ಕ್ಯಾಮೆರಾ ಕಳಿಸಿಯಾದರೂ, ತೋರಿಸಿಬಿಡಬೇಕು. ಸಿಜಿಗೆ ಇಟ್ಟ ದುಡ್ಡನ್ನು ದಂಡು ಹೆಚ್ಚಿಸಲು ಸುರಿಯುವುದಕ್ಕಿಂತ ಹಿಂದಿನ ಬೆಟ್ಟದ ಮೇಲಿನ ವಿದ್ಯುತ್ ಕಂಬ ಅಳಿಸಲು, ಗೋಡೆಯನ್ನು ಎತ್ತರಿಸಲು ಬಳಸಿದರೆ ಲಾಭ. ಕಲ್ಲು ಅಲುಗುವುದಿಲ್ಲ, ಹಾಗಾಗಿ ಅಗ್ಗದ ಸಿಜಿಯಲ್ಲೂ ಕಲ್ಲು ಸುಳ್ಳೆನಿಸುವುದಿಲ್ಲ.

‘ಐರನ್‌ಕ್ಲಾಡ್’ಗೆ 2014ರಲ್ಲಿ ಎರಡನೇ ಭಾಗವೂ ಬಂತು. ನಿರ್ದೇಶಕರು ಅವರೇ, ಚಿತ್ರೀಕರಣ ಸರ್ಬಿಯಾದಲ್ಲಿ, ಮೊದಲಿನ ದೊಡ್ಡ ನಟರು ಇಲ್ಲ. ಈ ಸಲ ರಾಚೆಸ್ಟರೂ ಇಲ್ಲ, ಜಾನ್ ದೊರೆಯೂ ಇಲ್ಲ, ಸ್ಕಾಟ್ಲೆಂಡ್ ಗಡಿಯ ಒಂದು ಕೋಟೆಯ ಮೇಲೆ ಬುಡಕಟ್ಟಿನವರ ದಾಳಿ. ಮೊದಲ ಭಾಗದಿಂದ ಉಳಿಸಿಕೊಂಡದ್ದು ಅಲುಗುವ ಕ್ಯಾಮೆರಾ ಮತ್ತು ರಕ್ತ.